ಇಳಿದದ್ದು ಜ್ವರವೋ, ಬರೀ ಲೆಕ್ಕವೋ?

ಪ್ರಶ್ನೆ: ನಮ್ಮ ವಾರ್ಡಿನ ಡೆಂಗಿ ಅಂಕಿಗಳನ್ನು ಎರಡು ತಿಂಗಳಿಂದ ದಿನಾ ಬರೆದಿಡುತ್ತಿದ್ದೇನೆ. ಭಾನುವಾರ, ಸೋಮವಾರ ಕಮ್ಮಿ. ಮಂಗಳವಾರ ದಿಢೀರ್ ಜಾಸ್ತಿ. ಈಗ ನಾಲ್ಕು ದಿನದಿಂದ ಇಳಿಯುತ್ತಿದೆ. ಡೆಂಗಿ ಹೋಯಿತು ಅಂತ ನಂಬಬಹುದಾ ಸಾರ್?
– ಒಬ್ಬ ಓದುಗರು

ಉತ್ತರ: ಇಷ್ಟು ಬೇಗ ನಂಬಬೇಡಿ. ಭಾನುವಾರ ಸೊಳ್ಳೆಗೆ ರಜೆ ಇಲ್ಲ, ಲ್ಯಾಬಿಗಿದೆ. ವಾರದ ಆ ಏರಿಳಿತ ಅಷ್ಟೇ. ದಿನದ ಅಂಕಿ ಬಿಟ್ಟು 7 ದಿನದ ಸರಾಸರಿ ಹಾಕಿ ನೋಡಿ.

ನಾಲ್ಕು ದಿನದ ಇಳಿಕೆ ಅಂದಿರಲ್ಲ, ಅಲ್ಲೇ ನಾನೂ ಒಮ್ಮೆ ಎಡವಿದ್ದು. ರೋಗ ಕಣ್ಗಾವಲಿನ ರಿಜಿಸ್ಟರ್ ನನ್ನ ಕೈಯಲ್ಲಿದ್ದ ಕಾಲ. ಗ್ರಾಫಿನ ಕೊನೆಯ ವಾರ ಇಳಿದಿತ್ತು. ಮೀಟಿಂಗಿನಲ್ಲಿ 'ಕಮ್ಮಿಯಾಗ್ತಾ ಇದೆ' ಎಂದುಬಿಟ್ಟೆ. ಹತ್ತು ದಿನ ಕಳೆದು ನೋಡಿದರೆ ಅದೇ ವಾರ ಹಿಂದಿನ ವಾರಕ್ಕಿಂತ ಎತ್ತರಕ್ಕೆ ನಿಂತಿತ್ತು! ಹೊಸ ಜ್ವರವಲ್ಲ, ತಡವಾಗಿ ಬಂದ ಹಳೇ ಚೀಟಿಗಳು. ಒಂದು ಚೀಟಿ ಇನ್ನೂ ನೆನಪಿದೆ: ಜ್ವರ ಶುರುವಾದದ್ದು 3ನೇ ತಾರೀಖು, ರಕ್ತ ಕೊಟ್ಟದ್ದು 6, ರಿಪೋರ್ಟ್ 8, ನನ್ನ ಮೇಜಿಗೆ ಬಂದದ್ದು 11. ಜ್ವರ ಶುರುವಾದ ದಿನದ ಪ್ರಕಾರ ಗ್ರಾಫ್ ಹಾಕಿದರೆ ಬಾಲ ಯಾವಾಗಲೂ ಇಳಿದೇ ಇರುತ್ತದೆ. ಅಂದಿನಿಂದ ಕೊನೆಯ ಹತ್ತು ದಿನಕ್ಕೆ ಪೆನ್ಸಿಲ್ ಗೆರೆ ಎಳೆದು 'ಇನ್ನೂ ತುಂಬಿಲ್ಲ' ಅಂತ ಬರೆಯುತ್ತಿದ್ದೆ.

ನಿಮ್ಮ ಪಟ್ಟಿಯಲ್ಲಿರುವುದು ಯಾವ ತಾರೀಖು, ಕೇಳಿ ತಿಳಿದುಕೊಳ್ಳಿ. ವರದಿಯಾದ ದಿನವಾದರೆ ನೀವು ನೋಡುತ್ತಿರುವುದು ಹಳೇ ಕಥೆ. ಸೊಳ್ಳೆ ಕಚ್ಚಿ 4ರಿಂದ 10 ದಿನಕ್ಕೆ ಜ್ವರ, ಆಮೇಲೆ ಈ ಚೀಟಿಯ ಓಡಾಟ ಬೇರೆ. ಎಷ್ಟು ಜನಕ್ಕೆ ಪರೀಕ್ಷೆ ಮಾಡಿದರು ಅಂತಲೂ ಕೇಳಿ. ಕಿಟ್ ಖಾಲಿಯಾದರೂ ಅಂಕಿ ಇಳಿಯುತ್ತದೆ. ಪಕ್ಕದ ವಾರ್ಡಿಗೆ ಹೋಲಿಸುವುದಾದರೆ ಲಕ್ಷ ಜನಕ್ಕೆ ಎಷ್ಟು ಅಂತ ಲೆಕ್ಕ ಹಾಕಿ. 20 ಸಾವಿರ ಜನರಲ್ಲಿ 30 ಕೇಸು, ಲಕ್ಷ ಜನರಲ್ಲಿ 60 ಕೇಸಿಗಿಂತ ಜಾಸ್ತಿಯೇ.

ಇನ್ನೊಂದು, ನೀವು ಕೇಳದಿದ್ದರೂ ಹೇಳುತ್ತೇನೆ. ಪಟ್ಟಿಯಲ್ಲಿರುವುದು ಮನೆ ವಿಳಾಸ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಲ್ಲಿ. ಆ ಹೊತ್ತಿಗೆ ಜನ ಮನೆಯಲ್ಲೇ ಇರಬೇಕೆಂದಿಲ್ಲ, ರೋಗ ಹತ್ತಿದ ಜಾಗ ಬೇರೆಯೇ ಇರಬಹುದು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತ ಕಾಲರಾ ಬಂದಾಗ, ಜಾನ್ ಸ್ನೋ ಎಂಬ ವೈದ್ಯರು ಸಾವುಗಳನ್ನು ಗುರುತಿಸುತ್ತಾ ಹೋದರು. ಹೆಚ್ಚಿನವು ಆ ಬೀದಿಯ ನೀರಿನ ಪಂಪಿನ ಸುತ್ತಲೇ. ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆಯೂ ಸತ್ತಿದ್ದರು. ವಿಚಾರಿಸಿದರೆ, ರುಚಿ ಹಿಡಿಸಿತ್ತೆಂದು ಅದೇ ಬೀದಿಯ ಪಂಪಿನ ನೀರು ತರಿಸಿಕೊಂಡು ಕುಡಿಯುತ್ತಿದ್ದರಂತೆ! ಮನೆ ವಿಳಾಸವೊಂದೇ ಸಾಲದು. ರೋಗಿ ಮನೆಯಾಚೆ ಎಲ್ಲಿರುತ್ತಾರೆ ಎಂದು ಬರೆಯಲು ನಮ್ಮ ಫಾರಂನಲ್ಲಿ ಕಾಲಂ ಇರಲಿಲ್ಲ. 'ಹಗಲು ಎಲ್ಲಿರ್ತೀರಿ?' ಅಂತ ಕೇಳಿ ಅಂಚಿನಲ್ಲಿ ಗೀಚಿಕೊಳ್ಳುತ್ತಿದ್ದೆ.