ಮೈಗ್ರೇನ್ ಬರೋದು ರಕ್ತನಾಳದಿಂದನೋ, ನರದ ಕೆಮಿಕಲ್‌ನಿಂದನೋ?

ರಕ್ತನಾಳ ಹಿಗ್ಗೋದ್ರಿಂದನೇ ಮೈಗ್ರೇನ್ ಬರ್ತದ ಅಂತ ಮದ್ಲಿಂದ ಕೇಳ್ಕೋತ ಬಂದೀವಿ, ಅದು ಅರ್ಧ ಮಾತು ಅಷ್ಟೇ ರಿ, ದೊಡ್ಡ ಪಾತ್ರ ನರದ್ದೇ ಅದ. ಹಣಿ, ಕಣ್ಣಿನ ಕಡಿ ನೋವು ಮಿದುಳಿಗಿ ಮುಟ್ಸೋದು ಟ್ರೈಜೆಮಿನಲ್ ಅನ್ನೋ ನರ, ಅದರ ತುದಿಗೋಳು ಮಿದುಳಿನ ಮ್ಯಾಲಿನ ಪೊರಿತನಾ ಹೋಗಿರ್ತಾವ. ಅಟ್ಯಾಕ್ ಬಂದಾಗ ಈ ತುದಿಗಳಿಂದ ಸಿಜಿಆರ್‌ಪಿ ಅಂತ 37 ಅಮೈನೋ ಆಸಿಡ್‌ದ ಒಂದು ಪೆಪ್ಟೈಡ್, ಅಂದ್ರ ಪ್ರೋಟೀನಿನಂಥ ಸಣ್ಣ ಸರಪಳಿ, ಹೊರಗ ಬೀಳ್ತದ, ಅದು ರಕ್ತನಾಳನೂ ಹಿಗ್ಗಸ್ತದ, ನೋವಿನ ನರಾನೂ ಇನ್ನಷ್ಟು ಸೂಕ್ಷ್ಮ ಮಾಡ್ತದ, ಅದಕ್ಕೇ ನಾಕ್ ಮೆಟ್ಲ ಹತ್ತಿದ್ರೂ ತಲಿ ಧಡ್ ಧಡ್ ಅಂತದ.

1990ರಾಗ ಗೋಡ್ಸ್‌ಬಿ, ಎಡ್ವಿನ್ಸನ್ ಅನ್ನೋ ಸಂಶೋಧಕರು ಅಟ್ಯಾಕ್ ನಡದಾಗ್ಲೇ ಕುತ್ತಿಗಿ ರಕ್ತನಾಳದ ರಕ್ತ ತಗದು ನೋಡಿ ಅದರಾಗ ಸಿಜಿಆರ್‌ಪಿ ಹೆಚ್ಚಿದ್ದು ತೋರಸಿದ್ರು. ಮುಂದ ಇದನ್ನೇ ಮೈಗ್ರೇನ್ ಇದ್ದವರ ರಕ್ತಕ್ಕ ಬಿಟ್ಟು ನೋಡಿದ್ರ ಭಾಳ ಮಂದಿಗಿ ಅದೇ ತಲಿನೋವು ಶುರು ಆಯ್ತು, ಇದು ನನಗ ಎಲ್ಲಕ್ಕಿಂತ ಗಟ್ಟಿ ಪುರಾವೆ ಅನಸ್ತದ.

ಸಿರೊಟೋನಿನ್ ಅನ್ನೋ ಇನ್ನೊಂದು ನರದ ಕೆಮಿಕಲ್‌ದೂ ಪಾಲದ, ಮೈಗ್ರೇನ್‌ಗಿ ಕೊಡೋ ಸುಮಾಟ್ರಿಪ್ಟಾನ್ ಗುಳಿಗಿ ಅದರ ರಿಸೆಪ್ಟರ್, ಅಂದ್ರ ಅದು ಹೋಗಿ ಕೂಡೋ ಜಾಗ, ಹಿಡದೇ ಸಿಜಿಆರ್‌ಪಿ ಬೀಳೋದು ಕಮ್ಮಿ ಮಾಡ್ತದ. 2018ರಾಗ ಅಮೆರಿಕದಾಗ ಒಪ್ಪಿಗಿ ಸಿಕ್ಕ ಎರೆನುಮ್ಯಾಬ್ ಇಂಜೆಕ್ಷನ್ ಅಂತೂ ಸಿಜಿಆರ್‌ಪಿ ಹೋಗಿ ಕೂಡೋ ಜಾಗಾನೇ ಮುಚ್ತದ.

ನಮ್ಮವ್ವ ಕಲಬುರಗಿ ಬಿಸಿಲಾಗ ಸೂಪರ್ ಮಾರ್ಕೆಟ್‌ಗಿ ಹೋಗಿ ಬಂದ್ಳಂದ್ರ ಕಿಡಕಿ ಹಾಕಿ, ತಲಿಗಿ ಹಸಿ ಟವೆಲ್ ಬಿಗದು ಕತ್ತಲದಾಗ ಮಲಗ್ತಾಳ, ಒಗ್ಗರಣಿ ವಾಸ್ನಿನೂ ತಡಕೊಳ್ಳಂಗಿಲ್ಲ. ಬಿಸಿಲು, ನಿದ್ದಿಗೇಡು, ಉಪಾಸ ಇವೆಲ್ಲ ಕಿಡಿ ಅಷ್ಟೇ, ಉರಿಯೋದು ಒಳಗಿನ ನರ. ಹಿಂಗ ಮಲಗಿದವರಿಗಿ ನಖರಾ ಮಾಡ್ತಾಳ ಅನಬ್ಯಾಡ್ರಿ, ನ್ಯೂರಾಲಜಿ ಡಾಕ್ಟರಿಗಿ ತೋರಸ್ರಿ.