ಇಡೀ ತಟ್ಟೆಗೆ ಮದ್ದು ಬೆರೆಸಿದರೂ ಹುಳದ ಒಂದೇ ನರಕೋಶ ಓಗೊಡುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಹುಳ ಓಡಾಡುವ ಅಗರ್ (ಜೆಲ್ಲಿಯಂಥ ಪದಾರ್ಥ) ತಟ್ಟೆಗೆಲ್ಲ ರಾಸಾಯನಿಕ ಬೆರೆಸುತ್ತಾರೆ, ಆದರೆ ಬೇಕಾದ ಕೋಶಕ್ಕೆ ಮಾತ್ರ ಅದು ಹೇಗೆ ತಟ್ಟುತ್ತದೆ? ನಾನು ಕೆಲವು ವರ್ಷ ಸಿ. ಎಲೆಗನ್ಸ್ ಹುಳಗಳ ಜೊತೆ ಕೆಲಸ ಮಾಡಿದ್ದೇನೆ. ಸುಮಾರು 1 ಮಿ.ಮೀ. ಉದ್ದದ ಹುಳ. ದ್ವಿಲಿಂಗಿ ಹುಳದಲ್ಲಿ 302 ನರಕೋಶ, ಪ್ರತಿಯೊಂದಕ್ಕೂ ಒಂದು ಹೆಸರು.

ನನ್ನ ಕಣ್ಣು ತೆರೆಸಿದ್ದು 1997ರ ಒಂದು ಪ್ರಯೋಗ. ಬೆಣ್ಣೆಯ ಘಮ ಕೊಡುವ ಡೈಅಸಿಟೈಲ್ ಅಂದರೆ ಈ ಹುಳಕ್ಕೆ ಇಷ್ಟ, ಅದರತ್ತ ಹರಿದು ಬರುತ್ತದೆ. ಆ ಘಮ ಹಿಡಿಯುವ ರಿಸೆಪ್ಟರ್, ಅಂದರೆ ರಾಸಾಯನಿಕವನ್ನು ಗುರುತಿಸುವ ಕೋಶದ ಪ್ರೊಟೀನ್, ಓಡಿಆರ್-10. ನರವಿಜ್ಞಾನಿ ಕೋರಿ ಬಾರ್ಗ್‌ಮನ್ ಅವರ ತಂಡ ಅದನ್ನು ಮಾಮೂಲಿ ಕೋಶದಲ್ಲಿ ಇಲ್ಲವಾಗಿಸಿ, 'ದೂರ ಸರಿ' ಎನ್ನುವ ಬೇರೊಂದು ನರಕೋಶದಲ್ಲಿ ಇಟ್ಟಿತು. ಹುಳ ಅದೇ ಘಮದಿಂದ ಓಡತೊಡಗಿತು! ಅಂದರೆ ಆ ಘಮದ ಅರ್ಥ ರಾಸಾಯನಿಕದಲ್ಲಿ ಇಲ್ಲ. ರಿಸೆಪ್ಟರ್ ಯಾವ ಕೋಶದಲ್ಲಿ ಕೂತಿದೆ ಅನ್ನುವುದರಲ್ಲಿದೆ.

ನಿಮ್ಮ ಪ್ರಶ್ನೆಗೆ ಉತ್ತರವೂ ಅದೇ. ಹುಳದ ನರಗಳಿಗೆ ಪರಿಚಯವೇ ಇಲ್ಲದ ಮದ್ದನ್ನು ಆರಿಸುತ್ತೇವೆ. ಅದನ್ನು ಗುರುತಿಸುವ ರಿಸೆಪ್ಟರ್‌ನ ಜೀನನ್ನು ಹೊರಗಿನಿಂದ ತರುತ್ತೇವೆ. ಆ ಜೀನಿನ ಮುಂದೆ, ಬೇಕಾದ ಕೋಶದಲ್ಲಷ್ಟೇ ಕೆಲಸ ಮಾಡುವ ಪ್ರೊಮೋಟರ್ (ಜೀನನ್ನು ಚಾಲೂ ಮಾಡುವ ಡಿಎನ್‌ಎ ತುಣುಕು) ಜೋಡಿಸುತ್ತೇವೆ. ಉಳಿದ ಕೋಶಗಳಿಗೂ ಮದ್ದು ಮುಟ್ಟುತ್ತದೆ, ಆದರೆ ಅಲ್ಲಿ ಅದನ್ನು ಕೇಳಿಸಿಕೊಳ್ಳುವವರಿಲ್ಲ. ಉದಾಹರಣೆಗೆ, ಮೆಣಸಿನಕಾಯಿಯ ಖಾರವಾದ ಕ್ಯಾಪ್ಸೈಸಿನ್ ಕಂಡರೆ ಈ ಹುಳ ಸಹಜವಾಗಿ ಹಿಂದೆ ಸರಿಯುವುದಿಲ್ಲ. ಇಲಿಯ ಖಾರದ ರಿಸೆಪ್ಟರನ್ನು 'ಹಿಂದೆ ಸರಿ' ಎನ್ನುವ ಎಎಸ್‌ಎಚ್ ಎಂಬ ನರಕೋಶದಲ್ಲಿ ಇಟ್ಟರೆ ಮಾತ್ರ ಖಾರ ಕಂಡು ಹಿಂದೆ ಸರಿಯುತ್ತದೆ.

ಈಗ ಜಾಸ್ತಿ ಬಳಸುವುದು ನೊಣದಿಂದ ತಂದ, ಹಿಸ್ಟಮಿನ್ ಎಂಬ ರಾಸಾಯನಿಕ ತಗುಲಿದರೆ ತೆರೆದುಕೊಂಡು ಕ್ಲೋರೈಡನ್ನು ಕೋಶದೊಳಕ್ಕೆ ಬಿಡುವ ದಾರಿ, ಅಂದರೆ ಕ್ಲೋರೈಡ್ ಚಾನೆಲ್. 2014ರಿಂದ ಇದು ಹುಳದ ಲ್ಯಾಬುಗಳಲ್ಲಿದೆ. ಕೆಲವೇ ನಿಮಿಷಗಳಲ್ಲಿ ಕೋಶ ಸುಮ್ಮನಾಗುತ್ತದೆ, ಹಿಸ್ಟಮಿನ್ ಇಲ್ಲದ ತಟ್ಟೆಗೆ ಹಾಕಿದರೆ ಮತ್ತೆ ಎಚ್ಚರಗೊಳ್ಳುತ್ತದೆ.

ಆದರೆ ನಿಮಗೆ ಕೋಶವನ್ನು ಸುಮ್ಮನಾಗಿಸುವುದಲ್ಲ, ಅದರೊಳಗಿನ ಜಿ-ಪ್ರೊಟೀನ್ ಸಂಕೇತವನ್ನೇ (ರಿಸೆಪ್ಟರ್‌ನಿಂದ ಕೋಶದೊಳಕ್ಕೆ ಸುದ್ದಿ ಸಾಗಿಸುವ ವ್ಯವಸ್ಥೆ) ಹಿಡಿತಕ್ಕೆ ತರಬೇಕು ಅಂದರೆ ಡ್ರೆಡ್ (DREADD) ಎಂಬ ಮಾರ್ಪಡಿಸಿದ ರಿಸೆಪ್ಟರ್ ಬೇಕು. ಅದು ನರಗಳ ಸಂದೇಶವಾಹಕ ಅಸಿಟೈಲ್‌ಕೋಲಿನ್‌ಗೆ ಓಗೊಡುವ ಮನುಷ್ಯರ ಮಸ್ಕರಿನಿಕ್ ರಿಸೆಪ್ಟರ್‌ನಲ್ಲಿ ಎರಡು ಅಮೈನೋ ಆಮ್ಲ ಬದಲಿಸಿ 2007ರಲ್ಲಿ ಮಾಡಿದ್ದು. ಸಹಜ ಅಸಿಟೈಲ್‌ಕೋಲಿನ್‌ಗೆ ಅದು ಜಗ್ಗುವುದಿಲ್ಲ, ಸಿಎನ್‌ಒ ಎಂಬ ಮದ್ದಿಗೆ ಓಗೊಡುತ್ತದೆ. 2016ರಲ್ಲಿ ಹುಳಕ್ಕೆಂದೇ ಒಗ್ಗಿಸಿದ ಡ್ರೆಡ್ ಕೂಡ ಬಂತು.

ನೀವೇ ಮಾಡುವುದಿದ್ದರೆ ಒಂದು ಮಾತು. ಹೊರಗಿನ ಡಿಎನ್‌ಎ ಕ್ರೋಮೋಸೋಮಿಗೆ ಸೇರದಿದ್ದರೆ ಎಲ್ಲ ಮರಿಗಳಿಗೂ ಅದು ದಾಟುವುದಿಲ್ಲ. ಅದು ಯಾವ ಹುಳದಲ್ಲಿದೆ ಎಂದು ತಿಳಿಯಲು ಜೊತೆಗೆ ಸೇರಿಸುವ ಹೊಳೆಯುವ ಗುರುತನ್ನು ನಾನು ಒಮ್ಮೆ ನೋಡದೆ ಸುಮ್ನೆ ಹುಳ ಆರಿಸಿ, 'ಮದ್ದು ಕೆಲಸ ಮಾಡುತ್ತಿಲ್ಲ' ಎಂದು ಎರಡು ವಾರ ಕಳೆದೆ. ರಿಸೆಪ್ಟರ್ ಇಲ್ಲದ ಹುಳಗಳಿಗೂ ಅದೇ ಮದ್ದು ಕೊಟ್ಟು ನೋಡಲೇಬೇಕು. ಅವು ಎಂದಿನಂತೆ ಓಡಾಡಿದರೆ ಮಾತ್ರ ನಿಮ್ಮ ಫಲಿತಾಂಶವನ್ನು ನಂಬಬಹುದು, ಅಲ್ವಾ?