ಹಣೆಯ ಸೈನಸ್ಸಿನಲ್ಲಿ ಮೂಳೆಗಂಟು: ತೆಗೆಸಬೇಕೇ, ಬಿಡಬೇಕೇ?

ಪ್ರಶ್ನೆ: ನನ್ನ ಯಜಮಾನರಿಗೆ 38 ವರ್ಷ. ತಲೆನೋವೆಂದು ಹಾಸನದಲ್ಲಿ ಸಿ.ಟಿ. ಸ್ಕ್ಯಾನ್ ಮಾಡಿಸಿದಾಗ ಹಣೆಯ ಬಲ ಸೈನಸ್ಸಿನಲ್ಲಿ 9 ಮಿ.ಮೀ. ‘ಆಸ್ಟಿಯೋಮಾ’ ಎಂದು ಬಂದಿದೆ. ಇದು ಕ್ಯಾನ್ಸರ್ ಆಗುತ್ತದೆಯೇ? ಕಾಫಿ ಕೊಯ್ಲಿಗೆ ಮುಂಚೆಯೇ ತೆಗೆಸಿಬಿಡೋಣವೇ?
– ಓದುಗರು, ಮೂಡಿಗೆರೆ

ಉತ್ತರ: ಅವಸರ ಬೇಡ. ಆಸ್ಟಿಯೋಮಾ ಎಂದರೆ ಮೂಳೆಯದೇ ಗಂಟು. ಇದು ಕ್ಯಾನ್ಸರ್ ಅಲ್ಲ, ಮುಂದೆ ಹಾಗೆ ತಿರುಗುವ ಗಂಟೂ ಅಲ್ಲ. ಬೆಳೆದರೂ ವರ್ಷಕ್ಕೆ ಸರಾಸರಿ 1.5 ಮಿ.ಮೀ. ಆಸುಪಾಸು. ತಲೆನೋವು ಮೈಗ್ರೇನಿನದಾಗಿದ್ದರೆ ಗಂಟು ತೆಗೆಸಿದರೂ ನೋವು ಉಳಿಯುತ್ತದೆ. ಮೊದಲು ಅದು ಇತ್ಯರ್ಥವಾಗಲಿ.

ಗಾತ್ರಕ್ಕಿಂತ ಜಾಗ ಮುಖ್ಯ. ಸೈನಸ್ಸಿನ (ಹಣೆಮೂಳೆಯೊಳಗಿನ ಗಾಳಿಗೂಡಿನ) ಲೋಳೆ ಮೂಗಿಗೆ ಇಳಿಯುವ ಕಿರುದಾರಿಗೆ ಅಡ್ಡ ಕೂತರೆ ಸಣ್ಣ ಗಂಟೂ ಕಾಟ ಕೊಡುತ್ತದೆ. ಲೋಳೆ ಕಟ್ಟಿಕೊಂಡು ಉಬ್ಬಿ, ಮೂಳೆ ಸವೆಸಿ, ಕಣ್ಣುಗುಡ್ಡೆಯನ್ನೇ ತಳ್ಳಬಹುದು. ಆ ದಾರಿ ತೆರೆದಿದೆಯೇ ಎಂದು ಇ.ಎನ್.ಟಿ. ವೈದ್ಯರನ್ನು ಕೇಳಿ. ತೆರೆದಿದ್ದರೆ 1–2 ವರ್ಷಕ್ಕೆ ಮತ್ತೊಂದು ಸಿ.ಟಿ. ಸಾಕು. ಹೋಲಿಸಲು ಈಗಿನ ಸಿ.ಡಿ. ಜೋಪಾನವಾಗಿಡಿ, ರಿಪೋರ್ಟಿನ ಹಾಳೆಯೊಂದೇ ಸಾಲದು. ಕಣ್ಣು ಮುಂದಕ್ಕೆ ಬಂದರೆ, ಎರಡೆರಡಾಗಿ ಕಂಡರೆ, ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿದರೆ ಮಾತ್ರ ಕೊಯ್ಲು ಗಿಯ್ಲು ನೋಡದೆ ಹೊರಡಿ.

ಇಂಥ ಗಂಟುಗಳು ಹಲವು ಇದ್ದರೆ ದೊಡ್ಡಕರುಳಿನ ಪರೀಕ್ಷೆಯೂ ಆಗಬೇಕು. ಗಾರ್ಡ್ನರ್ ಸಿಂಡ್ರೋಮ್ ಎಂಬ ವಂಶವಾಹಿ ತೊಂದರೆಯಲ್ಲಿ ಕರುಳಿನ ಒಳಗೋಡೆಯ ಸಣ್ಣ ಗಂಟುಗಳಾದ ಪಾಲಿಪ್‌ಗಳು ಜೊತೆಗಿರುತ್ತವೆ. ಅವು ಕ್ಯಾನ್ಸರ್ ಆಗಬಲ್ಲವು.

ಪ್ರಶ್ನೆ: ಅಕ್ಕನ ಗಂಟನ್ನು ಮೂಗಿನ ಮೂಲಕ ತೆಗೆಯಲಾಗದು, ತಲೆಯ ಮೇಲೇ ಕೊಯ್ಯಬೇಕು ಎನ್ನುತ್ತಾರೆ. ಯಾಕೆ?
– ಓದುಗರು, ಅರಸೀಕೆರೆ

ಉತ್ತರ: ಗಂಟು ಸೈನಸ್ಸಿನ ಹೊರಮೂಲೆಯಲ್ಲಿ, ಕಣ್ಣಿನ ಮೇಲ್ಭಾಗಕ್ಕೆ ಅಂಟಿದ್ದರೆ ಮೂಗಿನಿಂದ ಹೋದ ಡ್ರಿಲ್ ಅಲ್ಲಿಗೆ ಎಟುಕುವುದು ಕಷ್ಟ. ಆಗ ಕೂದಲಿನೊಳಗೆ ಕಿವಿಯಿಂದ ಕಿವಿಗೆ ಸೀಳಿ, ಹಣೆಯ ಚರ್ಮ ಕೆಳಗೆ ಮಡಚಿ, ಸೈನಸ್ಸಿನ ಮುಂಗೋಡೆಯನ್ನು ಕತ್ತರಿಸಿ ತೆರೆಯುತ್ತಾರೆ. ಕೊನೆಗೆ ಪ್ಲೇಟು, ಸ್ಕ್ರೂ ಹಾಕಿ ಕೂರಿಸುತ್ತಾರೆ. ಕಲೆ ಕೂದಲಲ್ಲಿ ಮರೆಯಾಗುತ್ತದೆ. ಹಣೆ, ನೆತ್ತಿ ಕೆಲವು ತಿಂಗಳು ಜೋಮು ಹಿಡಿದಂತಿರಬಹುದು.

ದೊಡ್ಡ ಗಂಟನ್ನು ಇಡಿಯಾಗಿ ಕೀಳುವುದಿಲ್ಲ. ವಜ್ರದ ಪುಡಿ ಲೇಪಿಸಿದ ಕೊರೆಮೊನೆ, ಅಂದರೆ ಡೈಮಂಡ್ ಬರ್‌ನಿಂದ ಒಳಗನ್ನು ಕೊರೆದು, ಕೊಬ್ಬರಿ ತೆಗೆದ ಚಿಪ್ಪಿನಂತೆ ತೆಳುವಾದ ಮೇಲೆ ಮುರಿದು ಬಿಡಿಸುತ್ತಾರೆ. ಬರ್ ಕಾದು ಸುತ್ತಲಿನ ಮೂಳೆ ಸುಡದಿರಲು ಸಲೈನ್ ಹರಿಸುತ್ತಲೇ ಇರಬೇಕು. ಬಲವಂತವಾಗಿ ಎಳೆದರೆ ಹಿಂಗೋಡೆ ಸೀಳಿ ಮಿದುಳಿನ ಸುತ್ತಲಿನ ದ್ರವ ಸೋರುತ್ತದೆ. ಹಾಗಾಗಿ ಅಪಾಯದ ಜಾಗದಲ್ಲಿ ಚೂರು ಉಳಿಸಿದರೂ ತಪ್ಪಿಲ್ಲ.

ಆಪರೇಷನ್ ನಂತರ ಕನಿಷ್ಠ 2 ವಾರ ಮೂಗು ಸೀಟಬಾರದು, ಭಾರ ಎತ್ತಬಾರದು. ಸೀನು ಬಂದರೆ ಬಾಯಿ ತೆರೆದೇ ಸೀನಲಿ.